ಮಗ್ನಸ್ ಕರಗಿಸಿದ ಸೀಸ

ಗುಡಿಸುವಾಗ ಮೇಜಿನ ಅಂಚಿನಿಂದ ಉರುಳಿದ ಗುಂಡು ಶೆಡ್ಡಿನ ಸಿಮೆಂಟು ನೆಲಕ್ಕೆ ಬಿದ್ದು ಟಿಣ್ ಎಂದಿತು.

ಸಿಗ್ನೆ ಪೊರಕೆ ಹಿಡಿದವಳು ಹಿಡಿದ ಹಾಗೇ ನಿಂತಳು. ಕರಡಿಗೆಂದು ಎರಕ ಹೊಯ್ದ ಗುಂಡು ಟಿಣ್ ಅನ್ನಬಾರದು. ಹಸಿಮಣ್ಣಿನ ಉಂಡೆ ಬಿದ್ದ ಹಾಗೆ ದೊಪ್ ಅನ್ನಬೇಕು. ಎರಕ ಹೊಯ್ಯುವವರ ಕಿವಿ ಇಂಥದರಲ್ಲಿ ಮೋಸ ಹೋಗುವುದಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಅದನ್ನು ಹೆಕ್ಕಿ ಎದೆಯ ಎತ್ತರದಿಂದ ಇನ್ನೊಮ್ಮೆ ಬಿಟ್ಟಳು. ಟಿಣ್.

ನಿನ್ನೆ ಸಂಜೆ ಇದರ ಜೊತೆಗೇ ಒಂದೇ ಪಾತ್ರೆಯಿಂದ ಹೊಯ್ದ ಗುಂಡುಗಳನ್ನು ತೋಟಾಗಳಿಗೆ ಕೂರಿಸಿ, ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಅವಳ ಗಂಡ ಆರ್ವಿಡ್ ಬೆಳಗಿನ ಉಬ್ಬರಕ್ಕೇ ದೋಣಿ ಬಿಟ್ಟಿದ್ದ. ಹೋದದ್ದು ಗಾಯಗೊಂಡ ಕರಡಿಯ ಬೆನ್ನಿಗೆ.

ಕರಡಿಯನ್ನು ಗಾಯ ಮಾಡಿದವನು ಆರ್ವಿಡ್ ಅಲ್ಲ. ಸಿಯಾಟಲ್ ಕಡೆಯಿಂದ ಬಂದ ಯಾವನೋ ಬೇಟೆಗಾರ ದೂರದಿಂದ ಹೊಡೆದು, ಅದು ಪೊದೆ ನುಗ್ಗಿದ್ದನ್ನು ನೋಡಿ, ಬಂದ ವಿಮಾನದಲ್ಲೇ ವಾಪಸು ಹಾರಿಹೋಗಿದ್ದ. ಮಾಡಿದವನ ಪಾಪ ಆಡಿದವನ ಬಾಯಲ್ಲಿ ಎನ್ನುತ್ತಾರೆ. ಅಲಾಸ್ಕಾದ ದ್ವೀಪಗಳಲ್ಲಿ ಅದು ಅಲ್ಲೇ ಉಳಿದವನ ಕುತ್ತಿಗೆಗೆ. ಆ ಕರಡಿ ಈಗ ಕುಂಟುತ್ತಾ, ಮೀನು ಡಬ್ಬಿ ಕಾರ್ಖಾನೆಯವರು ನೀರು ಹಿಡಿಯುವ ತೊರೆಯ ಪಕ್ಕದ ಆಲ್ಡರ್ ಪೊದೆಯಲ್ಲಿ ಸೇರಿಕೊಂಡಿತ್ತು. ಅಲ್ಲಿ ಹೆಂಗಸರು ಬೆರ್ರಿ ಕೊಯ್ಯಲು ಹೋಗುತ್ತಾರೆ. ಯಾರಾದರೂ ಹೋಗಿ ಅದರ ಕಥೆ ಮುಗಿಸಲೇಬೇಕಿತ್ತು. ಈ ಕೊಲ್ಲಿಯಲ್ಲಿ 'ಯಾರಾದರೂ' ಅಂದರೆ ಆರ್ವಿಡ್ ಎಂದೇ ಅರ್ಥ. ಅವನು ಯಾರನ್ನೂ ಜೊತೆಗೆ ಕರೆದೊಯ್ಯುವವನಲ್ಲ. "ಇನ್ನೊಬ್ಬ ಬಂದ್ರೆ ಕರಡೀನೂ ನೋಡ್ಬೇಕು, ಅವನನ್ನೂ ನೋಡ್ಬೇಕು" ಅನ್ನುತ್ತಿದ್ದ.

ಸಿಗ್ನೆ ಗುಂಡನ್ನು ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದಳು. ಮೆತ್ತನೆ ಗುಂಡಾಗಿದ್ದರೆ ದೋಸೆಯಂತೆ ಚಪ್ಪಟೆಯಾಗಿ ಹರಡಬೇಕಿತ್ತು. ಇದು ಬಿರುಕು ಬಿಟ್ಟು, ಮೂಲೆಯ ಒಂದು ಚೂರು ಸಿಡಿದು ಕಿಟಕಿಗೆ ಬಡಿಯಿತು.

ಅವಳು ಆ ಚೂರನ್ನು ಹೆಕ್ಕಿ ಬೆಳಕಿಗೆ ಹಿಡಿದಳು.

ಗುಂಡಿನ ಎರಕದಲ್ಲಿ ಇರುವ ವಿದ್ಯೆ ಇಷ್ಟೇ, ಆದರೆ ಇದು ತಪ್ಪಿದರೆ ಎಲ್ಲವೂ ತಪ್ಪಿದಂತೆ. ಬರೀ ಸೀಸವಾದರೆ ತೀರಾ ಮೆದು; ನಳಿಗೆಯೊಳಗೆ ಮೆತ್ತಿಕೊಂಡು ಗುಂಡು ದಾರಿ ತಪ್ಪುತ್ತದೆ. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದರೆ ಹದ. ಅಂಥ ಗುಂಡು ಕರಡಿಯ ಭುಜದ ಎಲುಬಿಗೆ ಬಡಿದಾಗ ಮುಂಭಾಗ ಅರಳಿ, ಮೈ ಒಂದೇ ಆಗಿ ಉಳಿದು, ಎಲುಬು ಮುರಿದುಕೊಂಡು ಎದೆಯವರೆಗೂ ಹೋಗುತ್ತದೆ. ಅದಕ್ಕೆ ಅಚ್ಚಿನ ಅಕ್ಷರ ಎರೆಯುವ, ಆಂಟಿಮನಿ ಎಂಬ ಗಡುಸು ಧಾತು ಹೆಚ್ಚಿರುವ ಮುದ್ರಣಾಲಯದ ಮೊಳೆಲೋಹ ಬೆರೆಸಿದಿರೋ, ಗುಂಡು ಗಡುಸಾಗುತ್ತದೆ. ಕಾಗದದ ಗುರಿಗೆ ಅಂಥದ್ದೇ ಬೇಕು, ನೆಟ್ಟಗೆ ಹೋಗುತ್ತದೆ. ಆದರೆ ಕರಡಿ ಕಾಗದವಲ್ಲ. ಗಡುಸು ಗುಂಡು ಎಲುಬಿಗೆ ಬಡಿದು ಪುಡಿಯಾದರೆ ತೊಗಲಿನ ಕೆಳಗೆ ನಾಲ್ಕು ಚೂರು ಸಿಕ್ಕಿಸಿಕೊಂಡು ಕರಡಿ ನಿಮ್ಮ ಮೇಲೆಯೇ ಬರುತ್ತದೆ. ಪೊದೆಯೊಳಗೆ ಎರಡನೇ ಗುಂಡಿಗೆ ಸಮಯವಿರುವುದಿಲ್ಲ.

ಸಿಗ್ನೆಗೆ ಇದು ಬೆರಳ ತುದಿಯ ವಿದ್ಯೆ. ಅವಳ ಗುಂಡಿನಿಂದ ಆರ್ವಿಡ್ ಈವರೆಗೆ ನಾಲ್ಕು ಕರಡಿ ಹೊಡೆದಿದ್ದಾನೆಂಬುದು ಇಡೀ ಕೊಲ್ಲಿಗೆ ಗೊತ್ತು. ಗೊತ್ತಿಲ್ಲದವರಿಗೆ ಅವಳೇ ಭಾನುವಾರ ಇಗರ್ಜಿಯ ಕಾಫಿ ಹೊತ್ತಿನಲ್ಲಿ ಗೊತ್ತು ಮಾಡಿಸುತ್ತಿದ್ದಳು.

ಮೇಜಿನ ಖಾನೆಯಿಂದ ಚಿತ್ರ ಬರೆಯುವ ಪೆನ್ಸಿಲುಗಳನ್ನು ತೆಗೆದಳು. ಲೋಹದ ಗಡುಸುತನ ಅಳೆಯಲು ಅವಳ ಬಳಿ ಇದ್ದ ಯಂತ್ರವೆಂದರೆ ಇದೇ. ಮೆದು ಪೆನ್ಸಿಲಿನಿಂದ ಶುರು ಮಾಡಿ ಒಂದೊಂದನ್ನೇ ಗುಂಡಿನ ಮೇಲೆ ಒತ್ತಿ ದೂಡುತ್ತಾ ಹೋಗಬೇಕು. ಯಾವುದು ಜಾರದೆ ಮೊದಲು ಲೋಹವನ್ನು ಕೆತ್ತುತ್ತದೋ ಅದು ಅದರ ಗಡುಸುತನ. ತುಂಬ ಮೆದುವಾದದ್ದು ಜಾರಿತು, ಸರಿ. ಕೆತ್ತಬೇಕಾಗಿದ್ದದ್ದೂ ಜಾರಿತು. ಅದರ ಮುಂದಿನದೂ ಜಾರಿತು. ಮಕ್ಕಳು ಶಾಲೆಗೆ ಒಯ್ಯುವ ಮಾಮೂಲಿ ಪೆನ್ಸಿಲೂ ಜಾರಿದ ಮೇಲೆ ಅವಳು ಉಳಿದವನ್ನು ಮುಟ್ಟಲಿಲ್ಲ.

ನಿನ್ನೆ ಎರಕ ಎಂದೂ ಇಲ್ಲದಷ್ಟು ಚೆನ್ನಾಗಿ ಬಂದಿತ್ತು. ಅಚ್ಚಿನ ಒಂದೊಂದು ಅಂಚೂ ತುಂಬಿಕೊಂಡು ಗುಂಡುಗಳು ಫಳಫಳ ಹೊಳೆದಿದ್ದವು. ಅದೇ ಎಚ್ಚರಿಕೆಯಾಗಬೇಕಿತ್ತು. ಮೊಳೆಲೋಹ ಇದ್ದರೆ ಎರಕ ಹಾಗೇ ಬರುವುದು. ಅವಳು ತನ್ನ ಕೈಗುಣವೆಂದು ಬೀಗಿ ಗಂಡನಿಗೆ ತೋರಿಸಿದ್ದಳು.

"ಕರಡೀನ ಕೊಲ್ಲೋಕೆ ಹೋಗ್ತಿರೋದು ಕಣೇ, ಮದುವೆ ಮಾಡಿಸೋಕಲ್ಲ. ಇಷ್ಟು ಹೊಳಪು ಯಾಕೆ?" ಎಂದು ಅವನು ಅಣಕಿಸಿದ್ದ. ಹೋದ ವರ್ಷದವು ಐದು ತೋಟಾ ಉಳಿದಿವೆಯಲ್ಲ, ಅವೇ ಸಾಕು ಎಂದೂ ಅಂದಿದ್ದ. ಇವಳೇ ಅವನ್ನು ಪಟ್ಟಿಯಿಂದ ಕಿತ್ತು ಹೊಸದನ್ನು ಸಿಕ್ಕಿಸಿದ್ದಳು. ಎರಕ ತಣಿದು ಒಂದು ದಿನ ಕಳೆದ ಮೇಲೆ ಪರೀಕ್ಷೆ ಮಾಡುವುದು ಅವಳ ಪದ್ಧತಿ. ಉಬ್ಬರ ಯಾರ ಪದ್ಧತಿಗೂ ಕಾಯುವುದಿಲ್ಲ.

ಐದು ಹಳೆಯ ತೋಟಾಗಳನ್ನು ಜೇಬಿಗೆ ಹಾಕಿಕೊಂಡು, ಮೂಲೆಯಲ್ಲಿ ಉಳಿದಿದ್ದ ಲೋಹದ ಗಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಅಣ್ಣನ ಮನೆಗೆ ಓಡಿದಳು.

ಮಗ್ನಸ್ ಅಡುಗೆಮನೆಯಲ್ಲಿ ಕಾಫಿಗೆ ಆಲೂಗಡ್ಡೆ ರೊಟ್ಟಿ ಅದ್ದಿ ತಿನ್ನುತ್ತಿದ್ದ. ಪಟ್ಟಣದ ಪತ್ರಿಕೆಯಲ್ಲಿ ಮೊಳೆ ಎರಕದ ಯಂತ್ರ ನಡೆಸಿದವನು. ಈ ವರ್ಷ ಅಲ್ಲಿಗೆ ಹೊಸ ಬಗೆಯ ಮುದ್ರಣ ಬಂದು, ಯಂತ್ರವೂ ಬೇಡವಾಗಿ, ಅವನೂ ಬೇಡವಾಗಿ, ತಂಗಿಯ ಊರಿಗೆ ಬಂದು ಸೇರಿದ್ದ. ಕೈ ಖಾಲಿ ಇರಬಾರದೆಂದು ಅವಳೇ ಹೋದ ವಾರ ಒಂದು ಕೆಲಸ ಹೇಳಿದ್ದಳು.

ಗಟ್ಟಿಯನ್ನು ಅವನ ತಟ್ಟೆಯ ಪಕ್ಕ ಕುಕ್ಕಿ ಕೇಳಿದಳು. "ಇದನ್ನ ಯಾವುದರಿಂದ ಕರಗಿಸಿದೆ?"

"ಸೀಸದಿಂದ. ನೋಡು, ಮೇಲೆ ಬರೆದಿದೀನಲ್ಲ, ಸೀಸ ಅಂತ. ಅಕ್ಷರ ಓದೋಕೆ ಬರಲ್ವಾ?"

"ಯಾವ ಸೀಸ ಕಣೋ?"

"ಸೀಸದಲ್ಲಿ ಎಷ್ಟು ಜಾತೀನೇ? ಶೆಡ್ಡಲ್ಲಿರೋ ಸೀಸ ಕರಗಿಸಿ ಗಟ್ಟಿ ಹಾಕು ಅಂದೆ, ಹಾಕ್ದೆ. ನಮ್ಮ ಪ್ರೆಸ್ಸಿನ ಸೀಸ, ಪೆಟ್ಟಿಗೇಲಿ ತಂದಿಟ್ಟಿದ್ನಲ್ಲ."

"ಮೂಟೇಲಿದ್ದದ್ದು?"

"ಅದು ಬಲೆಗುಂಡು. ಅದನ್ನ ನಾನ್ಯಾಕೆ ಮುಟ್ಟಲಿ? ನೀನು ಬಲೆಗುಂಡು ಅನ್ನಲಿಲ್ಲ, ಸೀಸ ಅಂದೆ."

ಸಿಗ್ನೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೀನುಗಾರರ ಮನೆಯಲ್ಲಿ ಸೀಸ ಎಂದರೆ ಬಲೆ ಮುಳುಗಿಸುವ ಅಪ್ಪಟ ಮೆದು ಸೀಸ, ಬೇರೆ ಅರ್ಥವೇ ಇಲ್ಲ. ಮುದ್ರಣಾಲಯದಲ್ಲಿ ಸೀಸ ಎಂದರೆ ಯಂತ್ರದ ಪಾತ್ರೆಯಲ್ಲಿ ದಿನವಿಡೀ ಕುದಿಯುವ ಮೊಳೆಲೋಹ. 'ಸೀಸ ಕಾಯಿತೇ', 'ಸೀಸ ಸಾಲದು' ಎಂದು ಕೂಗಾಡಿಕೊಂಡೇ ಮಗ್ನಸ್ ತಲೆ ನರೆಸಿಕೊಂಡವನು. ಒಂದೇ ಬಸಿರಿನಲ್ಲಿ ಹುಟ್ಟಿದ ಅಣ್ಣ ತಂಗಿ ಒಂದೇ ಮಾತಾಡಿ ಎರಡು ಲೋಹ ತಿಳಿದುಕೊಂಡಿದ್ದರು. ನಿನ್ನೆ ಮೊದಲೇ ಕರಗಿಸಿಟ್ಟಿದ್ದ ಬಲೆಯ ಸೀಸ ಕಡಿಮೆ ಬಿದ್ದಾಗ ಇವಳು ಅರ್ಧ ಪಾತ್ರೆಯನ್ನು ಮಗ್ನಸ್‌ನ ಗಟ್ಟಿಗಳಿಂದಲೇ ತುಂಬಿದ್ದಳು. ಮೇಲೆ ಇಪ್ಪತ್ತಕ್ಕೊಂದರ ಲೆಕ್ಕದಲ್ಲಿ ತವರವನ್ನೂ ಹಾಕಿದ್ದಳು. ತವರ ಜಾಸ್ತಿಯಾದರೂ ಕೆಡುತ್ತದೆ, ತವರು ಜಾಸ್ತಿಯಾದರೂ ಕೆಡುತ್ತದೆ.

"ಆರ್ವಿಡ್ ಪಟ್ಟೀಲಿರೋದು ಅದೇ ಗುಂಡು" ಎಂದಳು.

ಮಗ್ನಸ್ ಬಾಯಲ್ಲಿದ್ದುದನ್ನು ನುಂಗಲಿಲ್ಲ. ಅವನಿಗೆ ಬಂದೂಕು ಹಿಡಿಯಲು ಬಾರದು, ಆದರೆ ತನ್ನ ಲೋಹದ ಗುಣ ಗೊತ್ತಿತ್ತು. ಕೆಳಗೆ ಬಿದ್ದ ಮೊಳೆಯ ಸಾಲು ಹೇಗೆ ಎರಡು ತುಂಡಾಗುತ್ತದೆಂದು ಎಷ್ಟು ಸಲ ನೋಡಿದ್ದನೋ. ಕೋಟು ಕೂಡ ಹಾಕಿಕೊಳ್ಳದೆ ದೋಣಿಯ ಕಡೆ ನಡೆದ.

ಮಗ್ನಸ್ ಚುಕ್ಕಾಣಿ ಹಿಡಿದಿದ್ದ. ಸಿಗ್ನೆ ಮುಂದೆ ಕೂತು ಮಂಜಿನೊಳಗೆ ಕಣ್ಣು ನೆಟ್ಟಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಬಂದೂಕಿನ ಸದ್ದು ಕೇಳಿಸದೆ ಹೋದರೆ ಎಂದು ಒಮ್ಮೆ, ಕೇಳಿಸಿಬಿಟ್ಟರೆ ಎಂದು ಇನ್ನೊಮ್ಮೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ದೇವರೇ, ಅವನಿಗೆ ಕರಡಿ ಸಿಗದಿರಲಿ ಎಂದು ಬೇಡಿಕೊಂಡಳು. ಬೇಟೆಗಾರನ ಹೆಂಡತಿ ಅಂಥ ಹರಕೆ ಹೊತ್ತದ್ದು ಅದೇ ಮೊದಲಿರಬೇಕು.

ತೊರೆಯ ಬಾಯಲ್ಲಿ ಆರ್ವಿಡ್‌ನ ದೋಣಿ ಕಟ್ಟಿತ್ತು. ಅವನ ಬೂಟಿನ ಗುರುತು ಕೆಸರಿನಲ್ಲಿ ನೇರ ಪೊದೆಯ ಕಡೆ ಹೋಗಿತ್ತು. ಮಗ್ನಸ್ ಎಂಜಿನ್ ನಿಲ್ಲಿಸಿ ಎರಡೂ ಕೈ ಬಾಯಿಗೆ ತಂದ. ಸಿಗ್ನೆ ಹಾರಿ ಅವನ ಮಣಿಕಟ್ಟು ಹಿಡಿದಳು.

"ಕೂಗ್ಬೇಡ."

"ಮತ್ತೆ ಹೇಗೆ ಹೇಳೋದು ಅವನಿಗೆ?"

"ಕೂಗಿದ್ರೆ ಅವನು ಈ ಕಡೆ ತಿರುಗ್ತಾನೆ. ಕರಡಿ ಆ ಕಡೆ ಇದ್ರೆ? ಈಗ ಅದು ಎಲ್ಲಿ ಮಲಗಿದೆಯೋ, ಸದ್ದು ಕೇಳಿ ಎದ್ರೆ?"

"ದೋಣಿ ತುತ್ತೂರಿ ಊದ್ಲಾ?"

"ಅದಕ್ಕೂ ಕಿವಿ ಇದೆ ಮಾರಾಯ."

ಕೂಗಿದರೂ ಅಪಾಯ, ಸುಮ್ಮನಿದ್ದರೂ ಅಪಾಯ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೆ ಎರಡೂ ಕಡೆ ಅಲಗೇ. ಉಳಿದ ದಾರಿ ಒಂದೇ, ಅವನನ್ನು ಹಿಂದಿನಿಂದ ಸದ್ದಿಲ್ಲದೆ ಮುಟ್ಟುವುದು, ಜೇಬಿನಲ್ಲಿರುವ ಐದನ್ನು ಕೈಗೆ ಕೊಡುವುದು. ಅವಳು ಮೊಣಕಾಲವರೆಗಿನ ನೀರಿಗೆ ಇಳಿದಳು.

"ನೀನು ದೋಣೀಲೇ ಇರು."

"ಗಟ್ಟಿ ಹಾಕಿದ್ದು ನಾನು" ಎಂದು ಮಗ್ನಸ್ ಹಿಂದೆಯೇ ಇಳಿದ. ಮಂಡಿನೋವಿನ ದಪ್ಪ ಮನುಷ್ಯ, ಭಯದಿಂದ ತುಟಿ ಬಿಳಿಚಿತ್ತು. ಬೈಯಲು ಹೊತ್ತಿರಲಿಲ್ಲ.

ಆಲ್ಡರ್ ಪೊದೆಯೊಳಗೆ ಮನುಷ್ಯ ನೆಟ್ಟಗೆ ನಡೆಯುವ ಹಾಗಿಲ್ಲ. ಕೊಂಬೆಗಳು ನೆಲಕ್ಕೇ ಬಾಗಿ ಹೆಣೆದುಕೊಂಡಿರುತ್ತವೆ. ಬಗ್ಗಿ, ನುಸುಳಿ, ಮುಳ್ಳಿನ ಗಿಡ ಕೈಗೆ ಸಿಕ್ಕದಂತೆ ನೋಡಿಕೊಂಡು ಹೋಗಬೇಕು. ಎಲೆಗಳ ಮೇಲೆ ಸೊಂಟದ ಎತ್ತರದಲ್ಲಿ ಕಪ್ಪಾದ ರಕ್ತದ ಗೆರೆ ಕಂಡಿತು. ಮುಂದೆ ಹೋದ ಹಾಗೆ ಅದು ಕೆಂಪಾಯಿತು. ಆಮೇಲೆ ವಾಸನೆ ಬಂತು, ಕೊಳೆತ ಮೀನಿಗೂ ಒದ್ದೆ ನಾಯಿಗೂ ನಡುವಿನದು. ಸಿಗ್ನೆ ನಿಂತು ಕೈ ಎತ್ತಿದಳು. ಮಗ್ನಸ್ ಉಸಿರು ಬಿಗಿಹಿಡಿದ.

ಎದುರಿನ ಕೊಂಬೆಗಳ ಆಚೆ ಆರ್ವಿಡ್‌ನ ಬೆನ್ನು ಕಂಡಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಲ್ಲ, ಪಿಸುಗುಟ್ಟಿದರೆ ಕೇಳುವಷ್ಟೂ ಅಲ್ಲ. ಅವನು ಬಂದೂಕು ಹೆಗಲಿಗೆ ಒತ್ತಿಕೊಂಡು ಕಲ್ಲಿನಂತೆ ನಿಂತಿದ್ದ. ಅವನ ಮುಂದಿನ ಕಂದು ದಿಬ್ಬ ಉಸಿರಾಡುತ್ತಿತ್ತು.

ಅವಳು ಬಾಯಿ ತೆರೆದಳು. ಈಗ ಮಾತಾಡಿದರೆ ಅವನು ಸಾಯುತ್ತಾನೆ, ಮಾತಾಡದಿದ್ದರೂ ಸಾಯುತ್ತಾನೆ ಅನ್ನಿಸಿತು. ತೆರೆದ ಬಾಯಿ ಹಾಗೇ ಉಳಿಯಿತು.

ದಿಬ್ಬ ಎದ್ದು ನಿಂತಿತು. ಗುಂಡು ಹಾರಿತು. ಕರಡಿ ಗರ್ಜಿಸಿ ಮುಂದಕ್ಕೆ ಬಿತ್ತು, ಕೊಂಬೆಗಳು ಲಟಲಟನೆ ಮುರಿದವು. ಪುಡಿಯಾಯಿತು, ಎಲುಬಿಗೆ ತಾಗಿ ಪುಡಿಯಾಯಿತು, ನಾನೇ ಕೊಂದೆ ಇವನನ್ನು ಎಂದು ಸಿಗ್ನೆಯ ತಲೆಯೊಳಗೆ ಯಾರೋ ಕಿರುಚಿದರು. ಎರಡನೇ ಗುಂಡು ಹಾರಿತು. ಆಮೇಲೆ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ.

ಆರ್ವಿಡ್ ಕೆಮ್ಮಿದ.

ಸಿಗ್ನೆ ಕೊಂಬೆ ಮುರಿದುಕೊಂಡು ನುಗ್ಗಿದಳು. ಅವನು ಬಂದೂಕು ತಿರುಗಿಸಿಯೇಬಿಟ್ಟಿದ್ದ. ಹೆಂಡತಿಯನ್ನು ನೋಡಿ ಅವನ ಮುಖ ಕರಡಿಯನ್ನು ನೋಡಿದಾಗಿನದಕ್ಕಿಂತ ಹೆಚ್ಚು ಬಿಳಿಚಿಕೊಂಡಿತು. ಕರಡಿ ಅವನ ಕಾಲಿನಿಂದ ಒಂದು ಮಂಚದುದ್ದ ಆಚೆ ಮುಖ ಅಡಿಯಾಗಿ ಬಿದ್ದಿತ್ತು.

"ನಿನಗೇನಾದ್ರೂ ತಲೆ ಕೆಟ್ಟಿದ್ಯಾ? ಇಲ್ಲಿಗ್ಯಾಕೆ ಬಂದೆ? ಈ ಶಾಯಿ ಮೂಟೇನೂ ಎಳ್ಕೊಂಡು ಬಂದಿದೀಯ" ಎಂದ, ಮಗ್ನಸ್‌ನನ್ನು ನೋಡಿ.

ಅವಳು ಅವನ ಕೋಟಿನ ಎದೆ ಹಿಡಿದು ಅಲ್ಲಾಡಿಸಿದಳು. ಜೀವ ಇತ್ತು, ಬೆಚ್ಚಗಿತ್ತು, ತಂಬಾಕಿನ ವಾಸನೆ ಬರುತ್ತಿತ್ತು. ಅವಳಿಗೆ ಅಳು ಬಂತು, ಮರೆಮಾಚದೆ ಅತ್ತಳು.

ಆರ್ವಿಡ್‌ಗೆ ಅಳುವ ಹೆಂಡತಿಯನ್ನು ಸಮಾಧಾನ ಮಾಡುವ ದಾರಿ ಒಂದೇ ಗೊತ್ತಿತ್ತು, ಹೊಗಳುವುದು. "ಯಾಕೆ ಅಳ್ತೀಯ? ನಿನ್ನ ಗುಂಡು ಕೆಲಸ ಮಾಡಿದೆ ಕಣೇ. ಭುಜದ ಎಲುಬು ಮುರ್ಕೊಂಡು ಒಳಗೋಗಿ ಅಣಬೆ ಥರ ಅರಳಿರುತ್ತೆ. ಯಾವತ್ತಿನ ಹಾಗೇ. ಕೊಯ್ದು ನೋಡಿ ಹೇಳ್ತೀನಿ ಬೇಕಾದ್ರೆ."

ಸಿಗ್ನೆಯ ಅಳು ನಿಂತುಹೋಯಿತು. ನಿನ್ನೆಯ ಗುಂಡು ಅಣಬೆಯಾಗಲು ಸಾಧ್ಯವೇ ಇಲ್ಲ. ಅಡಿಗಲ್ಲಿನ ಮೇಲೆ ಅದು ಏನಾಯಿತೆಂದು ಕಣ್ಣಾರೆ ಕಂಡವಳು ಅವಳು.

ಅವಳು ಅವನ ಪಟ್ಟಿಯನ್ನು ಬೆರಳಿನಿಂದ ಸವರಿದಳು. ಹೊಳೆಯುವ ಗುಂಡುಗಳು ಒಂದೂ ಕದಲಿರಲಿಲ್ಲ. ಬಂದೂಕನ್ನು ಅವನ ಕೈಯಿಂದ ತೆಗೆದುಕೊಂಡು ಅಗುಳಿ ಎಳೆದಳು. ಹಾರಿ ಕೆಸರಿಗೆ ಬಿದ್ದ ತೋಟಾದ ತುದಿಯಲ್ಲಿ ತಾಮ್ರದ ಕವಚ ತೊಟ್ಟ ಅಂಗಡಿ ಗುಂಡು.

"ಎಷ್ಟು ವರ್ಷದಿಂದ?" ಎಂದಳು.

ಅವನು ಕರಡಿಯ ಕಡೆ ನೋಡಿದ. ಅದು ಸಹಾಯಕ್ಕೆ ಬರಲಿಲ್ಲ.

"ಜಿಂಕೆಗೆ, ಸೀಲ್‌ಗೆ ನಿಂದೇ ಕಣೇ, ದೇವರಾಣೆ. ಕರಡಿಗೆ ಮಾತ್ರ…"

"ಮೊದಲ ಕರಡಿಯಿಂದ್ಲೂ?"

"ಹೂಂ."

ನಾಲ್ಕು ಕರಡಿ, ನಾಲ್ಕು ಅಣಬೆ, ಇಗರ್ಜಿಯಲ್ಲಿ ಕುಡಿದ ಅಷ್ಟೊಂದು ಕಾಫಿ. ಸಿಗ್ನೆಯ ಕಿವಿ ಬಿಸಿಯಾಯಿತು. ಅವನನ್ನು ಅಪ್ಪಿಕೊಳ್ಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ, ಎರಡಕ್ಕೂ ಕೈ ತುರಿಸುತ್ತಿತ್ತು.

"ನಂಬಿಕೆ ಇಲ್ದಿದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ರಾತ್ರಿಯೆಲ್ಲ ಹೊಗೆ ಕುಡ್ಕೊಂಡು ಯಾಕೆ ಹೊಯ್ಯಿಸ್ತಿದ್ದೆ ನನ್ನ ಕೈಲಿ?"

"ನಂಬಿಕೆ ಮಾತಲ್ಲ" ಎಂದ ಆರ್ವಿಡ್. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಏನಾದ್ರೂ ಹೆಚ್ಚು ಕಮ್ಮಿ ಆಗಿ ನಾನು ವಾಪಸ್ ಬರದಿದ್ರೆ, ನೀನು ಬದುಕಿರೋವರ್ಗೂ ನನ್ನ ಗುಂಡಿಂದ್ಲೇ ಹಾಗಾಯ್ತು ಅಂದ್ಕೊಂಡು ಸಾಯ್ತೀಯ. ನಿನ್ನ ಗುಣ ನನಗೊತ್ತಿಲ್ವಾ? ಬಂದೂಕಲ್ಲಿ ಅಂಗಡಿ ಗುಂಡು ಸಿಕ್ಕಿದ್ರೆ ಅಂಗಡಿಯವನನ್ನ ಬೈಕೊಂಡಿರ್ತಿದ್ದೆ."

ಗಂಡಸರಿಗೆ ಸಿಕ್ಕಿಬಿದ್ದ ಮೇಲೆ ಎಷ್ಟು ಒಳ್ಳೆಯ ಕಾರಣ ಎಷ್ಟು ಬೇಗ ಹೊಳೆಯುತ್ತದೆ. ಆದರೆ ದೋಣಿಯಲ್ಲಿ ಬರುವಾಗ ತಾನು ಅನುಭವಿಸಿದ್ದು ನೆನಪಾಗಿ, ಅದು ನಿಜವೂ ಇರಬಹುದೆಂದು ಸಿಗ್ನೆಗೆ ಅನ್ನಿಸಿತು. ನಿಜವೋ ಸುಳ್ಳೋ ಇನ್ನು ಎಂದೂ ಗೊತ್ತಾಗುವುದಿಲ್ಲ ಎಂದೂ ಅನ್ನಿಸಿತು.

"ನಿನ್ನೆ ಗುಂಡು ಕೆಟ್ಟಿತ್ತು" ಎಂದಳು. ಹೇಳದೆ ಇದ್ದುಬಿಡಬಹುದಾಗಿತ್ತು. "ಪ್ರೆಸ್ಸಿನ ಲೋಹ ಬೆರೆತುಹೋಗಿದೆ. ಅದನ್ನ ತುಂಬಿದ್ರೆ ಎಲುಬಿಗೆ ತಾಗಿ ಪುಡಿ ಆಗಿರೋದು."

ಆರ್ವಿಡ್ ಪಟ್ಟಿಯನ್ನು ನೋಡಿಕೊಂಡ. ಕರಡಿ ಬಿದ್ದ ಜಾಗವನ್ನೂ ತಾನು ನಿಂತ ಜಾಗವನ್ನೂ ಕಣ್ಣಲ್ಲೇ ಅಳೆದ.

"ನಂದೂ ತಪ್ಪಿದೆ" ಎಂದು ಮಗ್ನಸ್ ಹಿಂದಿನಿಂದ ಗೊಣಗಿದ. "ಸೀಸ ಅಂದ್ಲು, ನಾನು ಸೀಸ ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಆರ್ವಿಡ್ ಒಂದು ವರ್ಷಕ್ಕಾಗುವಷ್ಟು ಅಣಕ ಹೊಲಿಯುತ್ತಿದ್ದ. ಇವತ್ತು ಭಾವನ ಬೆನ್ನು ತಟ್ಟಿದ ಅಷ್ಟೇ. ಆ ಮರ್ಯಾದೆ ಸಿಗ್ನೆಯನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ವರ್ಷಗಟ್ಟಲೆ ಹದವಾಗಿ ಹೊಯ್ದ ಗುಂಡು ಒಂದೂ ಕರಡಿಯ ಮೇಲೆ ಹಾರಲಿಲ್ಲ. ತಪ್ಪಿ ಹೊಯ್ದ ಈ ಒಂದು ಪಾತ್ರೆ ಮಾತ್ರ ಅವನ ಸುಳ್ಳೇ ಸರಿ ಎನ್ನಿಸಿಬಿಟ್ಟಿತು. ತನ್ನ ಕೈ ಒಳ್ಳೆಯದೆಂದು ಇನ್ನು ಯಾರ ಮುಂದೆ ಸಾಧಿಸುವುದು?

ಅವಳು ಮೂಗು ಒರೆಸಿಕೊಂಡು ಅವನ ಎರಡೂ ತೋಳು ಹಿಡಿದಳು.

"ನಾಳೆ ಬಲೆಯ ಸೀಸ ನಾನೇ ಕರಗಿಸ್ತೀನಿ. ಹದ ನೋಡಿ, ಒಂದೊಂದನ್ನೂ ಗೀಚಿ ನೋಡಿ ಕೊಡ್ತೀನಿ. ಮುಂದಿನ ಸಲ ಕರಡಿಗೆ ಹೋಗೋವಾಗ ಬಂದೂಕಿಗೆ…"

"ನಿಂದೇ ಕಣೇ, ನಿನ್ನ ಗುಂಡೇ ತುಂಬ್ತೀನಿ" ಎಂದ ಆರ್ವಿಡ್, ಅವಳು ಮಾತು ಮುಗಿಸುವ ಮೊದಲೇ, ಕೆಸರಿನಲ್ಲಿ ಬಿದ್ದಿದ್ದ ಅಂಗಡಿ ತೋಟಾದಿಂದ ಕಣ್ಣು ಕೀಳದೆ.